ಲೇಸರ್ ಲೆವೆಲರ್, ಕೂರಿಗೆ ಭತ್ತ: ಕಾಲುವೆ ಕೊನೆಯ ಐದು ಎಕರೆಯಲ್ಲಿ ನಮಗೆ ಆದದ್ದು

ನಮ್ಮದು ರಾಯಚೂರು ಜಿಲ್ಲೆಯ ಸಿರವಾರ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಐದು ಎಕರೆ ಎರೆ ಹೊಲ ಇದೆ. 2025ರ ಬೇಸಿಗೆಯಲ್ಲಿ ಸಿಂಧನೂರು ಕಡೆಯಿಂದ ಹೊಲ ಸಮ ಮಾಡುವ ಯಂತ್ರ, ಲೇಸರ್ ಲೆವೆಲರ್, ಬಾಡಿಗೆಗೆ ತರಿಸಿದೆವು. ಮುಂಗಾರಿನಲ್ಲಿ ಸಸಿ ನಾಟಿ ಮಾಡದೆ, ಅವರದೇ ಟ್ರ್ಯಾಕ್ಟರ್ ಕೂರಿಗೆಯಿಂದ ಸಾಲಿನಲ್ಲಿ ನೇರವಾಗಿ ಭತ್ತ ಬಿತ್ತಿಸಿದೆವು. ಬೆಳೆ ಕೊಯ್ದು, ಚೀಲ ತುಂಬಿಸಿ, ಕೊಡೋದು ತಗೊಳ್ಳೋದು ಎಲ್ಲಾ ಲೆಕ್ಕ ಮುಗಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೈರು ಹಸಿರಾಗಿ ನಿಂತಿದ್ದಾಗಲೇ ಬರೆದಿದ್ದರೆ ಬರೀ ಹೊಗಳುತ್ತಿದ್ದೆ, ಯಾಕೆಂದರೆ ಆಗ ಎಲ್ಲರ ಹೊಲವೂ ಚಂದ ಕಾಣುತ್ತದೆ.

ನನ್ನ ಮಾತು ಇಷ್ಟೇ. ಕೂರಿಗೆ ಭತ್ತ ಮಾಡಬೇಕು ಅಂತ ಮನಸ್ಸು ಮಾಡಿದ್ದರೆ ಮೊದಲು ಹೊಲ ಸಮ ಮಾಡಿಸಿ. ಸಮ ಮಾಡಿಸಲು ದುಡ್ಡಿಲ್ಲ ಅಂದರೆ ಆ ವರ್ಷ ನಾಟಿಯನ್ನೇ ಮಾಡಿ. ಇದನ್ನು ಗಟ್ಟಿಯಾಗಿ ಹೇಳಲು ಕಾರಣ ಇದೆ. ನಮ್ಮ ಐದು ಎಕರೆಯಲ್ಲಿ ಮೂರು ಎಕರೆ ಮಾತ್ರ ಲೆವೆಲ್ ಆಯಿತು, ಎರಡು ಎಕರೆ ಹಾಗೇ ಉಳಿಯಿತು. ಬೀಜ ಒಂದೇ, ಬಿತ್ತಿದ ದಿನ ಒಂದೇ, ಗೊಬ್ಬರ ಒಂದೇ. ಆದರೆ ಬಂದ ಫಸಲು ಎರಡು ಬೇರೆ ಬೇರೆ ಊರಿನ ಹೊಲದ್ದು ಅನ್ನುವ ಹಾಗಿತ್ತು.

ಕಾಲುವೆ ಕೊನೆಯಲ್ಲಿ ಇರುವವರಿಗೆ ನಮ್ಮ ಕಷ್ಟ ಹೇಳಬೇಕಾಗಿಲ್ಲ, ಬೇರೆಯವರಿಗೆ ಸ್ವಲ್ಪ ಹೇಳುತ್ತೇನೆ. ಮುನಿರಾಬಾದಿನಲ್ಲಿ ಹೊರಟ ನೀರು 227 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಬರಬೇಕು. 1953ರಲ್ಲಿ ತುಂಗಭದ್ರಾ ಡ್ಯಾಂ ಮುಗಿದಾಗ ಅದರಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಬಂದು ನಿಂತಿದೆ. ಈ ಕಾಲುವೆಯ ಬಹುಪಾಲು ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಹಾಕಿದ್ದರು. ಮೇಲಿನ ಭಾಗದಲ್ಲಿ ಎಲ್ಲರೂ ಭತ್ತ ಹಾಕಿದರು. ನಾವೂ ಭತ್ತವನ್ನೇ ಹಾಕುತ್ತೇವೆ, ಅದನ್ನು ಮುಚ್ಚಿಡುವುದಿಲ್ಲ. ಎರಡೂ ಕಡೆ ಭತ್ತ ಆದ ಮೇಲೆ ಕೊನೆಗೆ ಇರುವವರಿಗೆ ನೀರು ಕೊನೆಗೇ. ಸಸಿ ಮಡಿಯಲ್ಲಿ ಸಸಿ ಇಪ್ಪತ್ತೈದು ದಿನಕ್ಕೆ ಕೀಳಬೇಕು. ನಮ್ಮಲ್ಲಿ ನಲವತ್ತು, ನಲವತ್ತೈದು ದಿನ ಆದರೂ ನೀರಿನ ದಾರಿ ಕಾಯುತ್ತಾ ಕೂರಬೇಕು. ಮುದಿ ಸಸಿ ನೆಟ್ಟರೆ ತೆಂಡೆ, ಅಂದರೆ ಬುಡದಿಂದ ಹೊಸ ಕವಲು, ಒಡೆಯುವುದಿಲ್ಲ, ಇಳುವರಿ ಅಲ್ಲೇ ಅರ್ಧ ಹೋದ ಹಾಗೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಮಾರನೇ ದಿನ ಬೆಳಿಗ್ಗೆ ನಮ್ಮೂರಿನಲ್ಲಿ ಯಾರೂ ಯಾರನ್ನೂ ಮಾತಾಡಿಸಲಿಲ್ಲ. ನಾಟಿ ಮುಗಿಸಿ ಇನ್ನೂ ವಾರ ಆಗಿರಲಿಲ್ಲ. ಮಾವ ಫೋನಿನಲ್ಲಿ ಆ ವಿಡಿಯೋ ನೋಡಿ, ಫೋನನ್ನು ಕಟ್ಟೆ ಮೇಲೆ ಉಲ್ಟಾ ಇಟ್ಟು, ಹೊಲಕ್ಕೆ ಹೋದವರು ಸಂಜೆವರೆಗೂ ಬರಲಿಲ್ಲ. ಒಂದು ವಾರದಲ್ಲಿ ಆ ಜಾಗಕ್ಕೆ ಬೇರೆ ಗೇಟ್ ಇಳಿಸಿದರು, ಮುಂದೆ ಮಳೆಯೂ ಬಂತು, ಬೆಳೆ ಉಳಿಯಿತು. ಆದರೆ ಅವತ್ತೇ ಮನೆಯಲ್ಲಿ ಮಾತಾಯಿತು. ಕಾಲುವೆ ನೀರನ್ನೇ ನಂಬಿ ಭತ್ತ ಶುರು ಮಾಡುವುದು ಇನ್ನು ಸಾಕು, ಮಳೆಗೆ ಬಿತ್ತಿ ಕಾಲುವೆ ನೀರಿಗೆ ಬೆಳೆಸುವ ದಾರಿ ನೋಡೋಣ ಅಂತ.

ಆ ಡಿಸೆಂಬರಿನಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ನಾನೂ ನಮ್ಮ ಮನೆಯವರೂ ಹೋದೆವು. ನೇರ ಬಿತ್ತನೆಯ ಭತ್ತದ ಬಗ್ಗೆ ಅಲ್ಲಿನವರು ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದಾರೆ. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ ಬೇಕಾದಷ್ಟು ಜನ ಮಾಡುತ್ತಲೂ ಇದ್ದಾರೆ. ನಮ್ಮವರಿಗೆ ಕೂರಿಗೆ ಮೇಲೆ ಕಣ್ಣು. ನನಗೆ ಪಕ್ಕದಲ್ಲಿ ನಿಂತಿದ್ದ ಲೆವೆಲರ್ ಮೇಲೆ. ನಮ್ಮ ಹೊಲಕ್ಕೆ ನೀರು ಹಾಯಿಸುವವಳು ನಾನು. ಯಾವ ಮಡಿಯಲ್ಲಿ ಎಲ್ಲಿ ದಿಬ್ಬ, ಎಲ್ಲಿ ತಗ್ಗು ಅಂತ ಕತ್ತಲಲ್ಲೂ ನನ್ನ ಕಾಲಿಗೆ ಗೊತ್ತು.

ಲೆವೆಲರ್ ಹೇಗೆ ಕೆಲಸ ಮಾಡುತ್ತದೆ ಅಂತ ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ. ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸುತ್ತಾರೆ. ಅದರ ತಲೆ ಮೇಲೆ ಗಿರಗಿರ ತಿರುಗುವ ಒಂದು ಡಬ್ಬಿ. ಅದರಿಂದ ಹೊಲದ ಮೇಲೆಲ್ಲಾ ಒಂದೇ ಮಟ್ಟದಲ್ಲಿ ಲೇಸರ್ ಬೆಳಕು ಹೋಗುತ್ತದೆ. ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಟ್ರ್ಯಾಕ್ಟರ್ ಹಿಂದೆ ಮಣ್ಣು ಕೆರೆಯುವ ಅಗಲವಾದ ಬಕೆಟ್, ಅದರ ಮೇಲೆ ಒಂದು ಕಂಬ, ಕಂಬದ ತುದಿಯಲ್ಲಿ ಆ ಬೆಳಕು ಹಿಡಿಯುವ ಯಂತ್ರ. ದಿಬ್ಬ ಬಂದರೆ ಬಕೆಟ್ ತಾನೇ ಇಳಿದು ಮಣ್ಣು ಕೆರೆದುಕೊಳ್ಳುತ್ತದೆ, ತಗ್ಗು ಬಂದರೆ ತಾನೇ ಎದ್ದು ಮಣ್ಣು ಬಿಡುತ್ತದೆ. ಡ್ರೈವರ್ ಸುಮ್ನೆ ಸ್ಟೇರಿಂಗ್ ಹಿಡಿದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ.

ಬಂದ ಹುಡುಗ ಲಿಂಗಸುಗೂರು ಕಡೆಯವನು, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು ಇರಬಹುದು. ಬಂದ ಕೂಡಲೇ ಟ್ರ್ಯಾಕ್ಟರ್ ಹತ್ತಲಿಲ್ಲ. ಅಳತೆ ಕೋಲು ಹಿಡಿದು ಇಡೀ ಹೊಲ ನಡೆದ. ಹತ್ತು ಹದಿನೈದು ಹೆಜ್ಜೆಗೊಮ್ಮೆ ನಿಂತು ಮಟ್ಟ ಬರೆದುಕೊಂಡ. ಮುಗಿದ ಮೇಲೆ ಪಟ್ಟಿ ತೋರಿಸಿ, "ಅಕ್ಕಾ, ತೂಬಿನ ಹತ್ರದ್ದಕ್ಕೂ ಆ ಬೇವಿನ ಗಿಡದ ಹತ್ರದ್ದಕ್ಕೂ ಇಪ್ಪತ್ತೆರಡು ಸೆಂಟಿಮೀಟರ್ ಫರಕ್ ಐತಿ" ಅಂದ. ಒಂದು ಗೇಣು. ಕಣ್ಣಿಗೆ ಸಪಾಟಾಗಿ ಕಾಣುವ ಹೊಲದಲ್ಲಿ ಒಂದು ಗೇಣು! ಹದಿನಾಲ್ಕು ವರ್ಷದಿಂದ ಬೇವಿನ ಗಿಡದ ಹತ್ತಿರದ ಮಡಿಗೆ ನೀರು ಹತ್ತುವುದಿಲ್ಲ ಅಂತ ನಾನು ಹೇಳಿದಾಗಲೆಲ್ಲಾ, ನಿನಗೆ ಕಾಯುವ ತಾಳ್ಮೆ ಇಲ್ಲ ಅಂತಲೇ ಮನೆಯಲ್ಲಿ ಅನ್ನುತ್ತಿದ್ದರು. ಆ ಪಟ್ಟಿಯ ಚೀಟಿಯನ್ನು ನಾನು ಇಸಿದುಕೊಂಡು ಎತ್ತಿಟ್ಟಿದ್ದೇನೆ.

ಮಧ್ಯಾಹ್ನ ಗಾಳಿ ಎದ್ದಿತು. ಬೇಸಿಗೆಯಲ್ಲಿ ಎರೆ ಭೂಮಿ ಹೇಗೆ ಬಿರಿಯುತ್ತದೆ ಗೊತ್ತಲ್ವಾ, ಕೈ ತೂರುವಷ್ಟು. ಸ್ಟ್ಯಾಂಡಿನ ಒಂದು ಕಾಲು ಅಂಥ ಬಿರುಕಿನ ಪಕ್ಕದಲ್ಲಿತ್ತು, ಗಾಳಿಗೆ ಅಲುಗಿ ಮೆಲ್ಲಗೆ ಒಳಗೆ ಜಾರಿತು. ಮೇಲಿನ ಡಬ್ಬಿ ತಿರುಗುವುದು ನಿಂತಿತು. ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಆರಿತು. ಕೈಯಲ್ಲೇ ಬಕೆಟ್ ಎತ್ತಿ ಇಳಿಸಿ ಇನ್ನೊಂದು ಗಂಟೆ ಓಡಿಸಿಬಿಟ್ಟಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಗಂಟೆ ಲೆಕ್ಕ ಅವನಿಗೆ ಸೇರುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಇಂಜಿನ್ ಆರಿಸಿ ಇಳಿದು ಬಂದ. ಮೂರು ಚಪ್ಪಟೆ ಕಲ್ಲು ಹುಡುಕಿ ತಂದು ಕಾಲುಗಳ ಕೆಳಗೆ ಕೊಟ್ಟ. ಆಮೇಲೆ ಬೆಳಿಗ್ಗೆ ಗುರುತು ಮಾಡಿಟ್ಟ ಜಾಗಕ್ಕೆ ಮತ್ತೆ ಕೋಲು ಹಿಡಿದು ಹೋಗಿ ಮಟ್ಟ ಸರಿಯಿದೆಯಾ ಅಂತ ನೋಡಿ, ನಂತರವೇ ಗಾಡಿ ಹತ್ತಿದ. ಅರ್ಧ ಗಂಟೆ ಹೋಯಿತು. ಆ ಅರ್ಧ ಗಂಟೆಯನ್ನು ಬಿಲ್ಲಿನಲ್ಲಿ ಹಿಡಿಯಲೂ ಇಲ್ಲ. ಈ ಸೇವೆಗೆ ನಾನು ಪೂರ್ತಿ ಅಂಕ ಕೊಡುವುದಾದರೆ ಆ ಹುಡುಗನಿಗೆ ಕೊಡುತ್ತೇನೆ.

ಯಂತ್ರದ ಮಾಲೀಕರಿಗೆ ಅಷ್ಟು ಕೊಡಲಾಗುವುದಿಲ್ಲ. ಮೇ ಮೊದಲ ವಾರ ಬರುತ್ತೇವೆ ಅಂದವರು ಒಂಬತ್ತು ದಿನ ತಡವಾಗಿ ಕಳಿಸಿದರು. ಫೋನ್ ಮಾಡಿದಾಗಲೆಲ್ಲಾ ನಾಳೆ, ನಾಡಿದ್ದು. ಆ ವರ್ಷ ಮಳೆ ಮೇ ತಿಂಗಳಲ್ಲೇ ಹಿಡಿದುಕೊಂಡಿತು, ಮುಂಗಾರು ಕೂಡ ಬೇಗ ಬಂತು. ಎರೆ ಮಣ್ಣು ಹಸಿ ಆದರೆ ಬಕೆಟ್ಟಿಗೆ ಅಂಟಿಕೊಳ್ಳುತ್ತದೆ, ಲೆವೆಲರ್ ಕೆಲಸಕ್ಕೆ ಬರುವುದಿಲ್ಲ. ಮೂರು ಎಕರೆ ಮುಗಿದಿತ್ತು, ರಾತ್ರಿ ದೊಡ್ಡ ಮಳೆ ಆಯಿತು, ಯಂತ್ರ ವಾಪಸ್ ಹೋಯಿತು. ಉಳಿದ ಎರಡು ಎಕರೆ ಹೀಗೆ ಉಳಿದದ್ದು. ಆ ಒಂಬತ್ತು ದಿನಕ್ಕೆ ನಾವು ಎಷ್ಟು ತೆತ್ತೆವು ಅಂತ ಮುಂದೆ ಹೇಳುತ್ತೇನೆ. ಬಿಲ್ಲಿನಲ್ಲೂ ಒಂದು ತಕರಾರು ಆಯಿತು. ಊರಿನ ರಸ್ತೆಯಿಂದ ಹೊಲಕ್ಕೆ ಗಾಡಿ ಬಂದ ಹೊತ್ತನ್ನೂ ಗಂಟೆಯಲ್ಲಿ ಸೇರಿಸಿದ್ದರು, ಸಾಗಾಣಿಕೆ ಅಂತ ಸಾವಿರ ರೂಪಾಯಿ ಬೇರೆ ಹಾಕಿದ್ದರು. ನಮ್ಮ ಮನೆಯವರು ಮೀಟರ್ ಬರೆದಿಟ್ಟುಕೊಂಡಿದ್ದರಿಂದ ಗಂಟೆ ಸರಿ ಮಾಡಿದರು. ಬಕೆಟ್ ಮಣ್ಣಿಗೆ ಇಳಿದಾಗಿನಿಂದ ಲೆಕ್ಕ ಅಂತ ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಜಗಳ ಬೇಡ.

ಮೇ ಮಳೆಯಿಂದ ಒಂದು ಉಪಕಾರವೂ ಆಯಿತು. ಆ ಹಸಿಗೆ ಕಸದ, ಅಂದರೆ ಕಳೆಯ, ಬೀಜವೆಲ್ಲಾ ಹುಟ್ಟಿತು. ಎರಡು ಸಲ ಹರಗಿದೆವು. ಬಿತ್ತುವ ಮೊದಲೇ ಒಂದು ಪೀಳಿಗೆ ಕಸ ಸತ್ತಿತು.

ಜೂನ್ ಕೊನೆ ವಾರ ಕೂರಿಗೆ ಬಂತು. ಒಂಬತ್ತು ಸಾಲಿನದು, ಬೀಜ ಗೊಬ್ಬರ ಎರಡಕ್ಕೂ ಪೆಟ್ಟಿಗೆ ಇರುವಂಥದ್ದು. ತಳಿ ಆರ್‌ಎನ್‌ಆರ್ 15048, ತೆಲಂಗಾಣದಿಂದ ಬಂದ ಸಣ್ಣಕ್ಕಿ, 125 ದಿನಕ್ಕೆ ಕೊಯ್ಲು. ನೀರು ಯಾವಾಗ ನಿಲ್ಲುತ್ತೋ ಅನ್ನುವ ನಮ್ಮಂಥವರಿಗೆ 150 ದಿನದ ಸೋನಾ ತಳಿಗಿಂತ ಇದು ವಾಸಿ. ನಾಟಿಗೆ ಎಕರೆಗೆ 25ರಿಂದ 30 ಕೆಜಿ ಬೀಜ ಚೆಲ್ಲುತ್ತಿದ್ದವರು ನಾವು, ಕೂರಿಗೆಗೆ 10 ಕೆಜಿ ಸಾಕಾಯಿತು.

ನಮ್ಮ ಅತ್ತೆ ಆ ಕೂರಿಗೆ ಹಿಂದೆಯೇ ನಡೆದರು. ಎತ್ತಿನ ಕೂರಿಗೆ ಕಾಲದಲ್ಲಿ ಬಟ್ಟಲಿಗೆ ಕಾಳು ಬಿಟ್ಟ ಕೈ ಅವರದು. ಕಾಳು ಎಷ್ಟು ಬೀಳುತ್ತಿದೆ ಅಂತ ಬೆರಳಿಗೆ ಗೊತ್ತಾಗುತ್ತಿತ್ತಂತೆ. ಎರಡನೇ ಸುತ್ತಿಗೆ ಬಗ್ಗಿ ಕಡೆಯ ಸಾಲಿನ ಮಣ್ಣು ಕೆದರಿ ನೋಡಿದವರು, "ತಮ್ಮಾ, ನಿಂದ್ರಸು. ಕಡೀ ಸಾಲಿಗೆ ಕಾಳು ಬೀಳವಲ್ವು" ಅಂದರು. ಡ್ರೈವರ್ ನಂಬಲಿಲ್ಲ. ಇಳಿದು ನೋಡಿದರೆ ಒಂಬತ್ತನೇ ನಳಿಕೆಯಲ್ಲಿ ಹಸಿ ಮಣ್ಣು ಕಟ್ಟಿಕೊಂಡು ಬೀಜ ಮೇಲೆಯೇ ನಿಂತಿತ್ತು. ಎರಡು ಸುತ್ತು ಖಾಲಿ ಹೋಗಿತ್ತು. ತೆಗೆದು, ಊದಿ, ಮತ್ತೆ ಬಿತ್ತಿದರು. ಇವತ್ತಿನ ಕೂರಿಗೆ ಎಷ್ಟೇ ಚೆನ್ನಾಗಿರಲಿ, ಹಿಂದೆ ಒಬ್ಬರು ನಡೆಯಲೇಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಮ ಇಲ್ಲದ ಹೊಲದಲ್ಲಿ ನಾಟಿ ನಡೆಯುತ್ತದೆ, ಕೂರಿಗೆ ನಡೆಯುವುದಿಲ್ಲ, ಯಾಕೆ? ನಾಟಿಯಲ್ಲಿ ಕೆಸರು ಮಾಡಿ ನೀರು ನಿಲ್ಲಿಸುತ್ತೇವೆ. ಗೇಣುದ್ದ ಸಸಿ ನೆಡುತ್ತೇವೆ. ದಿಬ್ಬ ತಗ್ಗು ಎಲ್ಲವನ್ನೂ ನೀರು ಮುಚ್ಚುತ್ತದೆ, ಕಸವನ್ನೂ ಮುಚ್ಚುತ್ತದೆ. ಕೂರಿಗೆಯಲ್ಲಿ ಬೀಜ ಕೆಸರು ಮಾಡದ ಮಣ್ಣಿನಲ್ಲಿ ಎರಡು ಮೂರು ಸೆಂಟಿಮೀಟರ್ ಕೆಳಗೆ ಇರುತ್ತದೆ. ಮೊಳಕೆ ಹೊರಗೆ ಬರುವ ಮೊದಲು ಅದರ ಮೇಲೆ ನೀರು ನಿಂತರೆ ಕೊಳೆಯುತ್ತದೆ. ತೇವ ಆರಿದರೆ ಒಣಗುತ್ತದೆ. ಕಳೆನಾಶಕ ಕೆಲಸ ಮಾಡಲೂ ಮಣ್ಣಿನಲ್ಲಿ ಒಂದೇ ಸಮ ತೇವ ಬೇಕು. ಅಂದರೆ ಕೂರಿಗೆ ಭತ್ತಕ್ಕೆ ನೀರು ಕಡಿಮೆ ಸಾಕು ನಿಜ, ಆದರೆ ಆ ಕಡಿಮೆ ನೀರು ಎಲ್ಲಾ ಕಡೆ ಒಂದೇ ಸಮ ಇರಬೇಕು.

ಬಿತ್ತಿದ ಆರನೇ ದಿನ ಒಂದು ಜೋರು ಮಳೆ ಬಂತು. ಲೆವೆಲ್ ಆದ ಮೂರು ಎಕರೆಯಲ್ಲಿ ನೀರು ತೆಳ್ಳಗೆ ಹರಡಿ ಸಂಜೆಗೆ ಬಸಿದು ಹೋಯಿತು. ಆ ಎರಡು ಎಕರೆಯ ತಗ್ಗಿನಲ್ಲಿ ಮೂರು ದಿನ ನಿಂತಿತು. ನಾಲ್ಕನೇ ದಿನ ನಾನು ಅಲ್ಲಿ ಮಣ್ಣು ಬಗೆದು ಬೀಜ ಎತ್ತಿ ನೋಡಿದೆ. ಬೆರಳಲ್ಲಿ ಒತ್ತಿದರೆ ಹಾಲಿನ ಹಾಗೆ ಹೊರಗೆ ಬಂತು, ಹುಳಿ ವಾಸನೆ. ಕೈಯಳತೆಯಷ್ಟು ದೂರದ ದಿಬ್ಬದ ಮೇಲೆ ಅದೇ ಬೀಜ ಚಂದ ಮೊಳೆತಿತ್ತು, ಆದರೆ ಹದಿನೈದು ದಿನ ಕಳೆಯುವಷ್ಟರಲ್ಲಿ ಕಸ ಅದನ್ನು ನುಂಗಿತ್ತು. ಬಿತ್ತಿದ ಮೂರು ದಿನದೊಳಗೆ ಪೆಂಡಿಮೆಥಾಲಿನ್ ಹೊಡೆದಿದ್ದೆವು, ಇಪ್ಪತ್ತು ದಿನಕ್ಕೆ ಬಿಸ್ಪೈರಿಬ್ಯಾಕ್ ಹೊಡೆದೆವು, ಎರಡೂ ಕಳೆನಾಶಕವೇ, ಎರಡೂ ಕಡೆಯ ಹೊಲಕ್ಕೆ ಒಂದೇ ಔಷಧಿ. ಮೂರು ಎಕರೆಯಲ್ಲಿ ಹಿಡಿಯಿತು, ಇಲ್ಲಿ ಹಿಡಿಯಲಿಲ್ಲ.

ಆಗಸ್ಟ್ ಮೊದಲ ವಾರ ಕಾಲುವೆ ನೀರು ಮುಟ್ಟಿದಾಗ ನಮ್ಮ ಪೈರಿಗೆ ಆಗಲೇ ಐದು ವಾರ. ಅಕ್ಕಪಕ್ಕದವರು ಆಗ ಕೆಸರು ಮಾಡಲು ಶುರು ಮಾಡಿದ್ದರು. ಮೊದಲು ಈ ಮೂರು ಎಕರೆಗೆ ನೀರು ಹಾಯಿಸಲು ಒಂದು ಪೂರ್ತಿ ರಾತ್ರಿ ಬೇಕಿತ್ತು. ಈ ಸಲ ಸಂಜೆ ಏಳಕ್ಕೆ ತೂಬು ಬಿಟ್ಟೆ, ರಾತ್ರಿ ಎರಡಕ್ಕೆ ಬೇವಿನ ಗಿಡದ ಬುಡದಲ್ಲಿ ಟಾರ್ಚ್ ಬಿಟ್ಟು ನೋಡಿದರೆ ನೀರು ಹೊಳೆಯುತ್ತಿತ್ತು. ಐದು ಸಣ್ಣ ಮಡಿಗಳ ಬದು ಒಡೆದು ಎರಡು ದೊಡ್ಡ ಮಡಿ ಮಾಡಿದ್ದೆವು, ಹಾಗಾಗಿ ಮಡಿಯಿಂದ ಮಡಿಗೆ ಓಡಾಡುವುದೂ ತಪ್ಪಿತು. ಮನೆಗೆ ಬಂದು ಮಲಗಿದೆ. ನೀರಿನ ಪಾಳಿಯ ರಾತ್ರಿ ನಾನು ಮಲಗಿದ್ದು ಅದೇ ಮೊದಲು.

ಲೆವೆಲರ್‌ನಿಂದ ತೊಂದರೆಯೂ ಇದೆ, ಅದನ್ನು ಬಾಡಿಗೆಯವರು ಹೇಳುವುದಿಲ್ಲ. ದಿಬ್ಬ ಕೆರೆದ ಜಾಗದಲ್ಲಿ ಮೇಲಿನ ಫಲವತ್ತಾದ ಮಣ್ಣು ಹೋಗಿ, ಕೆಳಗಿನ ಸುಣ್ಣಕಲ್ಲಿನ ಮಣ್ಣು ಮೇಲೆ ಬರುತ್ತದೆ. ನಮ್ಮ ಹೊಲದಲ್ಲಿ ಬೇವಿನ ಗಿಡದ ಕಡೆ ಸುಮಾರು ಹತ್ತು ಗುಂಟೆ ಪೈರು ಹಳದಿ ತಿರುಗಿತು. ಹೊಸ ಎಲೆಯೇ ಬಿಳಿಚಿಕೊಂಡಿತ್ತು, ಅಂದರೆ ಕಬ್ಬಿಣದ ಕೊರತೆ. ನೀರು ನಿಲ್ಲದ ಕೂರಿಗೆ ಭತ್ತದಲ್ಲಿ ಇದು ಮೊದಲೇ ಜಾಸ್ತಿ. ಲೀಟರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಜೊತೆಗೆ ಸ್ವಲ್ಪ ನಿಂಬೆ ಉಪ್ಪು ಹಾಕಿ ವಾರ ಬಿಟ್ಟು ವಾರ ಎರಡು ಸಲ ಹೊಡೆದೆವು, ಚೇತರಿಸಿಕೊಂಡಿತು. ಲೆವೆಲ್ ಮಾಡಿಸಿದ ಮೇಲೆ ಕೆರೆದ ಜಾಗಕ್ಕೆ ತಿಪ್ಪೆಗೊಬ್ಬರ ಮತ್ತು ಜಿಂಕ್ ಮೊದಲೇ ಹಾಕಬೇಕಿತ್ತು. ನಿಮಗೆ ಮಾಡುವ ಅವಕಾಶ ಇದೆ, ಮಾಡಿ.

ಇನ್ನು ಹೆಣ್ಣಾಳುಗಳ ವಿಷಯ. ಮದುವೆಯಾದ ಹೊಸದರಲ್ಲಿ ನಾನೂ ಗುಂಪಿನ ಜೊತೆ ನಾಟಿಗೆ ಹೋಗುತ್ತಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿದ ಬೆನ್ನು, ಕೆಸರಿಗೆ ಸೆಲೆತ ಬೆರಳು ಸಂದು. ಆ ಕೆಲಸ ಇಲ್ಲದಾದರೆ ನನಗೆ ದುಃಖ ಇಲ್ಲ. ಆದರೆ ಆ ಹದಿನೈದು ಇಪ್ಪತ್ತು ದಿನದ ಕೂಲಿ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಪುಸ್ತಕ, ಬಟ್ಟೆ, ಸಂಘದ ಕಂತು. ನಾವು ನಾಟಿ ಬಿಟ್ಟೆವು ಅಂದಾಗ ಓಣಿಯ ಅಕ್ಕಂದಿರು ಕೇಳಿದ್ದು ಒಂದೇ ಮಾತು, "ಹಂಗಾದ್ರ ನಮಗೇನು ಕೆಲಸ?" ಉತ್ತರ ನನ್ನ ಹತ್ತಿರ ಅರ್ಧ ಮಾತ್ರ ಇತ್ತು. ಕೂರಿಗೆ ಭತ್ತದಲ್ಲಿ ಔಷಧಿ ಹೊಡೆದರೂ ಕೈಯಲ್ಲಿ ಕಸ ತೆಗೆಯಬೇಕು, ಆ ಕೆಲಸಕ್ಕೆ ಅವರನ್ನೇ ಕರೆದೆ. ನಾಟಿಯಷ್ಟು ದಿನ ಸಿಗಲಿಲ್ಲ. ಇಂಥ ಯಂತ್ರಗಳನ್ನು ನಡೆಸುವ ತರಬೇತಿಯನ್ನು ಊರಿನ ಹುಡುಗಿಯರಿಗೂ ಕೊಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಅಳತೆ ಕೋಲು ಹಿಡಿದು ಮಟ್ಟ ಬರೆಯುವುದರಲ್ಲಿ ಗಂಡಸರೇ ಮಾಡಬೇಕಾದ್ದು ಏನೂ ಇಲ್ಲ.

ಲೆಕ್ಕ. ಹಿಂದಿನ ವರ್ಷ ನಾಟಿಗೆ ಎಕರೆಗೆ ಕೆಸರು ಉಳುಮೆ 4,000, ಬೀಜ ಮತ್ತು ಸಸಿ ಮಡಿ 1,800, ನಾಟಿ ಗುತ್ತಿಗೆ 5,000, ಒಟ್ಟು 10,800 ರೂಪಾಯಿ. ಈ ವರ್ಷ ಲೆವೆಲ್ ಆದ ಹೊಲದಲ್ಲಿ ಉಳುಮೆ ಹರಗುವುದು 1,800, ಬೀಜ 500, ಕೂರಿಗೆ ಬಾಡಿಗೆ 1,000, ಕಳೆನಾಶಕ 2,200, ಕಸ ತೆಗೆಯುವ ಕೂಲಿ 2,000, ಒಟ್ಟು 7,500. ಎಕರೆಗೆ 3,300 ಉಳಿಯಿತು. ಲೆವೆಲರ್‌ಗೆ ಗಂಟೆಗೆ 1,300ರಂತೆ ಎಂಟೂವರೆ ಗಂಟೆ, ಸಾಗಾಣಿಕೆ ಸೇರಿ 12,050, ಅಂದರೆ ಎಕರೆಗೆ ನಾಲ್ಕು ಸಾವಿರದ ಮೇಲೆ ಸ್ವಲ್ಪ. ಮೊದಲ ವರ್ಷ ಉಳಿದದ್ದೆಲ್ಲಾ ಲೆವೆಲರ್‌ಗೇ ಹೋಯಿತು, ಮೇಲೆ ಏಳುನೂರು ಕೈಯಿಂದ ಬಿತ್ತು. ಆದರೆ ಒಮ್ಮೆ ಮಾಡಿಸಿದರೆ ಮೂರು ನಾಲ್ಕು ವರ್ಷ ತಾಳುತ್ತದೆ, ಕೆಸರು ಹೊಡೆಯದಿದ್ದರೆ.

ಇಳುವರಿ ನೋಡಿ. ಹಿಂದೆ ನಾಟಿಯಲ್ಲಿ ಎಕರೆಗೆ 75 ಕೆಜಿಯ 31 ಚೀಲ ಬರುತ್ತಿತ್ತು. ಲೆವೆಲ್ ಆದ ಹೊಲದಲ್ಲಿ 32 ಬಂತು. ಆ ಎರಡು ಎಕರೆಯಲ್ಲಿ 23. ಇಳುವರಿ ಡಬಲ್ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಕೂರಿಗೆ ಭತ್ತದಲ್ಲಿ ಲಾಭ ಬರುವುದು ಖರ್ಚು ಕಡಿಮೆಯಾಗಿ, ನೀರಿಗೆ ಕಾಯುವುದು ತಪ್ಪಿ. ಆದರೆ ಸಮ ಇಲ್ಲದ ಹೊಲದಲ್ಲಿ ಹೋದದ್ದು ಎಕರೆಗೆ 8 ಚೀಲ, ಅಂದರೆ ಆರು ಕ್ವಿಂಟಲ್. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ಹಿಡಿದರೆ ಎಕರೆಗೆ 14,214 ರೂಪಾಯಿ. ಕಸ ತೆಗೆಯುವ ಕೂಲಿ ಅಲ್ಲಿ ಇನ್ನೂ ಎರಡೂವರೆ ಸಾವಿರ ಜಾಸ್ತಿ. ನಾಲ್ಕು ಸಾವಿರದ ಕೆಲಸ ಒಂಬತ್ತು ದಿನ ತಡವಾಗಿದ್ದಕ್ಕೆ ನಾವು ತೆತ್ತದ್ದು ಇಷ್ಟು.

ಲೆವೆಲರ್ ಕೊಳ್ಳುವುದು ಐದು ಎಕರೆಯವರ ಮಾತಲ್ಲ, ಲಕ್ಷಗಟ್ಟಲೆ ಬೇಕು. ಬಾಡಿಗೆಯೇ ಸರಿ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು 2014-15ರಿಂದ ಇವೆ, ನಿಮ್ಮ ಹೋಬಳಿ ಕೇಂದ್ರದಲ್ಲಿ ಲೆವೆಲರ್ ಇದೆಯಾ ಅಂತ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಆಮೇಲೆ ಖಾಸಗಿಯವರ ಹತ್ತಿರ ಹೋಗಿ. ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಒಟ್ಟಿಗೆ ಕರೆಸಿದರೆ ಸಾಗಾಣಿಕೆ ಹಂಚಿಹೋಗುತ್ತದೆ, ಯಂತ್ರದವರೂ ದಿನ ತಪ್ಪಿಸುವುದಿಲ್ಲ. ಬರುವ ಮೊದಲು ಹೊಲ ಉಳುಮೆ ಮಾಡಿ ಹೆಂಟೆ ಒಡೆಸಿಡಿ. ಅಳತೆ ಮಾಡದೆ ಟ್ರ್ಯಾಕ್ಟರ್ ಹತ್ತುವ ಡ್ರೈವರ್ ಬಂದರೆ ಕೈಮುಗಿದು ವಾಪಸ್ ಕಳಿಸಿ.

ಈ ಸಲ, 2025ರಲ್ಲಿ, ಡ್ಯಾಮಿನಲ್ಲಿ 80 ಟಿಎಂಸಿಗಷ್ಟೇ ನೀರು ನಿಲ್ಲಿಸಿದ್ದರು. 33 ಗೇಟುಗಳನ್ನೂ ಬದಲಿಸಬೇಕು ಅಂತ ಎರಡನೇ ಬೆಳೆಗೆ ನೀರಿಲ್ಲ ಅಂದರು. ಮೇಲಿನ ಭಾಗದ ಹೊಲಗಳೂ ಬೇಸಿಗೆಯಲ್ಲಿ ಖಾಲಿ ಇರುತ್ತವೆ, ಹಾಗಾಗಿ ಲೆವೆಲರ್‌ಗೆ ಪೈಪೋಟಿ ಜೋರಾಗುತ್ತದೆ. ನಾವು ನಾಲ್ಕು ಮನೆಯವರು ಸೇರಿ ಹನ್ನೊಂದು ಎಕರೆಗೆ ಮಾರ್ಚ್ ಎರಡನೇ ವಾರ ಅಂತ ಈಗಲೇ ಹೇಳಿಟ್ಟಿದ್ದೇವೆ. ಮುಂಗಡ ಕೊಡುವಾಗ ಎರಡು ಮಾತು ಕಾಗದದಲ್ಲಿ ಬರೆಸಿಕೊಂಡೆವು. ಬಕೆಟ್ ಇಳಿದ ಮೇಲೆ ಗಂಟೆ ಲೆಕ್ಕ. ಮತ್ತೆ, ಲಿಂಗಸುಗೂರಿನ ಆ ಹುಡುಗನೇ ಬರಬೇಕು.